ನೀಲಿ ಕಾಗದ, ಬಂಗಾರದ ಸಾಲು, ಬೆಳ್ಳಿ ಸಾಲು: ಜಪಾನಿ ಸೂತ್ರದ ಸುರುಳಿ ಮನ್ಯಾಗ ಮಾಡೋದು ಹೆಂಗ

ಹೋದ ಮಳಿಗಾಲದಾಗ ಒಂದಿನ ಸಂಜಿಮುಂದ ಕರೆಂಟ್ ಹೋಗಿತ್ತು, ಬಾಗಲಕೋಟಿ ನವನಗರದಾಗ ಕರೆಂಟ್ ಹೋದ್ರ ಮೊಬೈಲ್ ಬಿಟ್ರ ಬ್ಯಾರೆ ದಿಕ್ಕಿಲ್ಲ, ಸುಮ್ನ ಫೋಟೋ ತಿರುವ್ಕೋತ ಕುಂತಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಕಡುನೀಲಿ ಕಾಗದ, ಹಳೇ ಇಳಕಲ್ ಸೀರಿ ಮೈಬಣ್ಣ ಇರ್ತೈತಲ್ಲ ಥೇಟ್ ಅಂಥಾದ್ದು, ಅದರ ಮ್ಯಾಲೆ ಒಂದು ಸಾಲು ಬಂಗಾರದ ಅಕ್ಷರ, ಬಾಜೂ ಸಾಲು ಬೆಳ್ಳಿ, ಮತ್ತ ಬಂಗಾರ, ಮತ್ತ ಬೆಳ್ಳಿ, ಹಿಂಗ ಕೊನಿತನಕ. ಒಂಬೈನೂರು ವರ್ಷದ ಹಿಂದಿಂದು ಅಂತ ಓದಿದ ಮ್ಯಾಲಂತೂ ಬಾಯಿ ತಕ್ಕೊಂಡು ಕುಂತೆ. ಅವತ್ತಿಂದ ಇವತ್ತಿನ ತನಕ ಮೂರು ಸುರುಳಿ ಮಾಡೀನಿ, ಮೊದಲಿನ ಎರಡು ಕೆಟ್ವು, ಮೂರನೇದು ನೋಡಿದವರು ಯಾರೂ ನಕ್ಕಿಲ್ಲ, ಹಂಗಾಗಿ ಈಗ ಬರೀಲಿಕ್ಕೆ ಧೈರ್ಯ ಬಂದೈತಿ.

ಆ ಚಿತ್ರ ಜಪಾನಿನ ಉತ್ತರದಾಗಿರೋ ಹಿರೈಜುಮಿ ಊರಿನ ಚೂಸೊಂಜಿ ಅನ್ನೋ ಬೌದ್ಧ ಗುಡಿದು. ಫುಜಿವಾರಾ ನೊ ಕಿಯೊಹಿರಾ ಅಂತ ಒಬ್ಬ ದೊರಿ, ಸಣ್ಣಾವಿದ್ದಾಗ ಯುದ್ಧದಾಗ ಅಪ್ಪನ್ನ ಕಳ್ಕೊಂಡಾವ, ದೊಡ್ಡಾವಾದ ಮ್ಯಾಲೆ ಮತ್ತೊಂದು ಯುದ್ಧದಾಗ ಹೆಂಡ್ತಿ ಮಕ್ಕಳನ್ನ ಕಳ್ಕೊಂಡಾವ. ಎಲ್ಲಾ ಮುಗಿದ ಮ್ಯಾಲೆ ಸತ್ತೋರಿಗೆ, ತನ್ನ ಕಡೆಯವರು ವೈರಿ ಕಡೆಯವರು ಅಂತ ನೋಡ್ದ ಎಲ್ಲಾರಿಗೂ ಶಾಂತಿ ಸಿಗ್ಲಿ ಅಂತ ಗುಡಿ ಕಟ್ಟಿಸಿ, ಬೌದ್ಧರ ಇಡೀ ಶಾಸ್ತ್ರಭಂಡಾರನ 5,300ಕ್ಕೂ ಜಾಸ್ತಿ ಸುರುಳಿಯೊಳಗ ಬರೆಸಿದ, 1117ರಿಂದ 1126ರ ನಡುವ. ಎಲ್ಲಾ ನೀಲಿ ಕಾಗದ, ಎಲ್ಲಾ ಒಂದು ಸಾಲು ಬಂಗಾರ ಒಂದು ಸಾಲು ಬೆಳ್ಳಿ. ಮಜಾ ಏನಂದ್ರ ಇವತ್ತು ಚೂಸೊಂಜಿಯೊಳಗ ಅದರಾಗಿನ 15 ಸುರುಳಿ ಅಷ್ಟ ಉಳದಾವು, 16ನೇ ಶತಮಾನದ ಕೊನಿಗೆ ಟೊಯೊಟೊಮಿ ಹಿದೆತ್ಸುಗು ಅನ್ನೋ ದೊಡ್ಡ ಮನಷ್ಯಾ ಹೊತ್ಕೊಂಡು ಹೋಗಿ, ಈಗ ನಾಲ್ಕು ಸಾವಿರಕ್ಕೂ ಜಾಸ್ತಿ ಕೋಯಾ ಬೆಟ್ಟದ ಕೊಂಗೋಬುಜಿ ಗುಡಿಯೊಳಗ ಅದಾವು. ಎರಡೂ ಕಡೆ ಅವು ರಾಷ್ಟ್ರೀಯ ನಿಧಿ.

ನಾವು ಮಾಡೋದು ಇಂಥಾದ್ದರ ಒಂದು ಸಣ್ಣ ಮರಿ. ಮೊದಲ ಒಂದು ಮಾತು ಹೇಳಿಬಿಡ್ತೀನಿ, ಎಲ್ಲಾರೂ ಬಂಗಾರದ ಬಗ್ಗೆನ ತಲಿ ಕೆಡಿಸ್ಕೋತಾರ, ನಾನೂ ಹಂಗ ಮಾಡಿದ್ದೆ. ಬಂಗಾರ ಡೂಪ್ಲಿಕೇಟ್ ಇದ್ರೂ ನಡೀತೈತ್ರಿ. ನೀಲಿ ಮತ್ತ ಗೆರಿ ಇವೆರಡರಾಗ ಮಾತ್ರ ಕಳ್ಳತನ ಮಾಡಬ್ಯಾಡ್ರಿ, ಅವು ಸರಿ ಇದ್ರ ಸುರುಳಿ ಅರ್ಧ ಮುಗೀತು ಅಂತನ ತಿಳ್ಕೋರಿ.

ಏನು ಬರೀಬೇಕು, ಹದಿನೇಳರ ಲೆಕ್ಕ

ಜಪಾನಿನಾಗ ಸೂತ್ರ, ಅಂದ್ರ ಬೌದ್ಧರ ಧರ್ಮಗ್ರಂಥ, ಬರಿಯೋವಾಗ ಒಂದು ಸಾಲಿಗೆ 17 ಅಕ್ಷರ ಅಂತ ಪದ್ಧತಿ. ಸಾಲು ಮ್ಯಾಲಿಂದ ಕೆಳಗ ಇಳೀತೈತಿ, ಒಂದೊಂದು ಅಕ್ಷರನೂ ಒಂದೊಂದು ಚೌಕ ಮನಿಯೊಳಗ ಕುಂತಂಗ. ಅವರು ಹೆಚ್ಚು ಬರೆದದ್ದು ಸದ್ಧರ್ಮಪುಂಡರೀಕ ಸೂತ್ರ, 406ರಾಗ ಕುಮಾರಜೀವ ಚೀನೀ ಭಾಷಾಕ್ಕ ತಂದದ್ದು, 28 ಅಧ್ಯಾಯ, 69 ಸಾವಿರ ಚಿಲ್ಲರೆ ಅಕ್ಷರ. ಅದನ್ನ ಬರೀಲಿಕ್ಕೆ ಹೋದ್ರ ನಮ್ಮ ಮೊಮ್ಮಕ್ಕಳು ಮುಗಿಸಬೇಕಾಗ್ತೈತಿ. ಅದಕ್ಕ ಇವತ್ತಿಗೂ ಜಪಾನಿನ ಸಾಮಾನ್ಯ ಮಂದಿ ಗುಡಿಗೆ ಹೋಗಿ ಬರಿಯೋದು ಪ್ರಜ್ಞಾಪಾರಮಿತಾ ಹೃದಯ ಸೂತ್ರ, ಮುನ್ನೂರಕ್ಕ ಒಳಗಿನ ಅಕ್ಷರದ್ದು. ಅಲ್ಲಿ ನಡಿಯೋ ಪಾಠ ಹ್ಯುಯೆನ್‌ತ್ಸಾಂಗ್ ಅನುವಾದ ಅಂತ ಹೇಳ್ತಾರ, ಹೌದ್ರೀ, ಸಾಲಿ ಪುಸ್ತಕದಾಗ ಓದಿದ್ವಲ್ಲ ಅದ ಹ್ಯುಯೆನ್‌ತ್ಸಾಂಗ್, 7ನೇ ಶತಮಾನದಾಗ ನಮ್ಮ ಇಮ್ಮಡಿ ಪುಲಕೇಶಿ ರಾಜ್ಯಕ್ಕ ಬಂದು ಇಲ್ಲಿ ಮಂದಿ ಬಗ್ಗೆ ಬರೆದಿಟ್ಟಾವ.

ಆ ಸೂತ್ರದ ಕೊನಿಗೆ ಒಂದು ಮಂತ್ರ ಬರ್ತೈತಿ: ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ. ಈಗ ಬೆರಳು ಮಡಚಿ ಎಣಿಸ್ರಿ. ಗ, ತೇ, ಗ, ತೇ, ಪಾ, ರ, ಗ, ತೇ, ಪಾ, ರ, ಸಂ, ಗ, ತೇ, ಬೋ, ಧಿ, ಸ್ವಾ, ಹಾ. ಹದಿನೇಳು! ಕನ್ನಡ ಲಿಪಿಯೊಳಗ ಬರೆದ್ರ ಕರೆಕ್ಟ್ ಹದಿನೇಳು ಅಕ್ಷರ, ಒಂದು ಸಾಲಿಗೆ ಒಂದು ಮಂತ್ರ. ಚೀನೀ ಲಿಪಿಯೊಳಗ ಸ್ವಾಹಾಕ್ಕ ಮೂರು ಅಕ್ಷರ ಬೇಕು, ಅದಕ್ಕ ಅಲ್ಲಿ ಹದಿನೆಂಟು ಆಗ್ತೈತಿ. ಇದು ಗೊತ್ತಾದ ರಾತ್ರಿ ನನಗ ನಿದ್ದಿ ಬರಲಿಲ್ಲ, ಅವ್ವನ್ನ ಎಬ್ಬಿಸಿ ಹೇಳಿದ್ರ ಮುಂಜಾನೆ ಹೇಳು ಅಂದ್ಲು.

ವಚನ ಬರಿಯೋರು ವಚನ ಬರೀರಿ, ನಮ್ಮ ಜಿಲ್ಲಾದಾಗ ಕೂಡಲಸಂಗಮ ಇಟ್ಕೊಂಡು ಬ್ಯಾಡ ಅನ್ನೋದು ಹೆಂಗ, ಆದ್ರ ಅಲ್ಲಿ ಮಾತು ಹದಿನೇಳಕ್ಕ ಸರಿಯಾಗಿ ಮುಗಿಯೋದಿಲ್ಲ, ಶಬ್ದದ ನಡುವ ಸಾಲು ಮುರೀತೈತಿ. ಜಪಾನಿನವರು ಹಂಗ ಮುರೀತಾರ, ನಡೀತೈತಿ. ಮೊದಲ ಸಲ ಮಾಡೋರಿಗೆ ಮಾತ್ರ ಈ ಮಂತ್ರನ ಚಲೋ, ಯಾಕಂದ್ರ ಲೆಕ್ಕ ತಪ್ಪಿದ್ರ ತಾನ ಹೇಳ್ತೈತಿ. ನಾನು ಒಂದು ಸಾಲಿನಾಗ ಪಾರಸಂಗತೇ ಬದಲಿ ಪಾರಗತೇ ಅಂತ ಎರಡು ಸಲ ಬರೆದಿದ್ದೆ, ಕೊನಿಗೆ ಒಂದು ಮನಿ ಖಾಲಿ ಉಳೀತು, ಆವಾಗ ಗೊತ್ತಾತು. ಸಾಲಿಗೆ ಇಷ್ಟ ಅಕ್ಷರ ಅಂತ ಗಟ್ಟಿ ಇಟ್ಕೊಂಡ್ರ ಬರಿಯೋವಾಗ ಬಿಟ್ಟದ್ದು ಸೇರಿದ್ದು ಹಿಂಗ ಸಿಕ್ಕುಬೀಳ್ತೈತಿ. ನಾರಾ ಕಾಲದಾಗ, ಅಂದ್ರ 8ನೇ ಶತಮಾನದಾಗ, ಸರಕಾರಿ ಸೂತ್ರ ಬರಿಯೋ ಆಫೀಸ್ ಇತ್ತು, ಅಲ್ಲಿ ಲಿಪಿಕಾರ ಅಕ್ಷರ ಬಿಟ್ರ ಪಗಾರದಾಗ ಕಟ್ ಮಾಡ್ತಿದ್ರು. ತಿದ್ದೋರು ಬ್ಯಾರೆ ಇರ್ತಿದ್ರು.

ಉದ್ದನ ಸಾಲು, ಅಡ್ಡ ಅಲ್ಲ

ಕನ್ನಡನ ಮ್ಯಾಲಿಂದ ಕೆಳಗ ಬರಿಯೋದು ನೋಡ್ಲಿಕ್ಕೆ ಒಂದೀಟು ವಿಚಿತ್ರ, ಲಾಡ್ಜಿನ ಬೋರ್ಡ್ ಇದ್ದಂಗ ಕಾಣ್ತೈತಿ ಅಂತ ನಮ್ಮ ಕಾಕಾ ಅಂದ್ರು. ಅಂದ್ರ ಅನ್ಲಿ. ಅಡ್ಡ ಬರೆದ್ರ ಸುರುಳಿ ಬಿಚ್ಚಿದಾಗ ಬರೋ ಆ ಮಳಿ ಹನಿ ಇಳಿದಂಗಿನ ನೋಟ ಬರೋದಿಲ್ಲ, ನಾನು ಎರಡೂ ಮಾಡಿ ನೋಡೀನಿ. ಒಂದು ಬದಲಾವಣಿ ಮಾತ್ರ ಮಾಡ್ಕೋರಿ, ಜಪಾನಿನವರು ಬಲಗಡೆಯಿಂದ ಎಡಕ್ಕ ಹೋಗ್ತಾರ, ನಾವು ಎಡದಿಂದ ಬಲಕ್ಕ ಹೋಗೋಣು, ಓದೋರಿಗೂ ರೂಢಿ, ಬಲಗೈಲಿ ಬರಿಯೋರಿಗೆ ಹಸಿ ಬಣ್ಣಾನೂ ಅಳಿಸೋದಿಲ್ಲ. ಅಂದ್ರ ಸುರುಳಿ ಕೋಲು ಬಲತುದಿಗೆ, ಮ್ಯಾಲಿನ ಹೊದಿಕಿ ಎಡತುದಿಗೆ, ಅವರದಕ್ಕ ಪೂರಾ ಉಲ್ಟಾ.

ಕಾಗದದ ಅಳತಿ ಹೇಳ್ತೀನಿ, ಬರ್ಕೋರಿ. ಹ್ಯಾಂಡ್‌ಮೇಡ್ ಕಾಟನ್ ಕಾಗದ 56 ಬೈ 76 ಸೆಂಟಿಮೀಟರಿನ ಹಾಳಿ ಸಿಗ್ತೈತಿ, ಬೆಳಗಾವಿಗೆ ಹೋದಾಗ ಖಡೇಬಜಾರ ಕಡೆ ಹುಡುಕ್ರಿ ಇಲ್ಲಾಂದ್ರ ಆನ್‌ಲೈನ್ ತರಿಸ್ರಿ. ದಪ್ಪ ತಗೋಬ್ಯಾಡ್ರಿ, ಜಿಎಸ್‌ಎಂ ಅಂದ್ರ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂನಾಗ, 200 ಜಿಎಸ್‌ಎಂ ಕಾಗದ ಸುರುಳಿ ಸುತ್ತಿದ್ರ ಮಡಚಿದಲ್ಲೆ ಬಿರೀತೈತಿ, 100ರ ಆಜುಬಾಜು ಸಾಕು. ಉದ್ದಕ್ಕ ಎರಡು ಸೀಳು ಮಾಡಿದ್ರ 28 ಎತ್ತರ 76 ಉದ್ದದ ಎರಡು ಪಟ್ಟಿ, ಒಂದು ಕೆಡಿಸ್ಲಿಕ್ಕೆ ಒಂದು ಬರೀಲಿಕ್ಕೆ. ಎಡಕ್ಕ 3 ಸೆಂಟಿಮೀಟರ್ ಬಿಡ್ರಿ, ಆಮ್ಯಾಲೆ 22 ಸೆಂಟಿಮೀಟರ್ ಚಿತ್ರಕ್ಕ, ಮತ್ತ 3 ಖಾಲಿ, ಆಮ್ಯಾಲೆ 2 ಸೆಂಟಿಮೀಟರಿಗೊಂದು ಸಾಲಿನಂಗ 21 ಸಾಲು ಅಂದ್ರ 42, ಕೊನಿಗೆ ಕೋಲಿಗೆ ಅಂಟಿಸ್ಲಿಕ್ಕೆ 6. ಕೂಡಿಸ್ರಿ, 76 ಬರ್ತೈತಿ. ಎತ್ತರದಾಗ ಮ್ಯಾಲೆ ಕೆಳಗ 3.8 ಬಿಟ್ರ ನಡುವ 20.4 ಉಳೀತೈತಿ, ಅದನ್ನ 17ರಿಂದ ಭಾಗ ಮಾಡಿದ್ರ ಒಂದು ಅಕ್ಷರಕ್ಕ 1.2 ಸೆಂಟಿಮೀಟರ್. ಇದ್ರಾಗ ಅಕ್ಷರದ ಮೈ 6 ಮಿಲಿಮೀಟರ್ ಇಡ್ರಿ, ಉಳಿದದ್ದು ಒತ್ತಕ್ಷರಕ್ಕ ಮತ್ತ ಗುಡಿಸುಗೆ ಬೇಕು. ಚೀನೀ ಅಕ್ಷರಕ್ಕ ಈ ತಾಪತ್ರಯ ಇಲ್ಲ, ಎಲ್ಲಾ ಒಂದ ಸೈಜಿನ ಡಬ್ಬಿ, ನಮ್ಮದು ಹಂಗಲ್ಲ, ಸ್ವಾ ಅನ್ನೋದು ಕೆಳಗ ಕಾಲು ಚಾಚ್ತೈತಿ, ಬೋ ಅನ್ನೋದು ಬಲಕ್ಕ ಕೈ ಚಾಚ್ತೈತಿ. ಎಲ್ಲಾದ್ರ ಹೊಟ್ಟಿ ಒಂದ ನಡುಗೆರಿ ಮ್ಯಾಲೆ ಬರೋ ಹಂಗ ಕೂಡಿಸ್ರಿ, ತಲಕಟ್ಟು ಲೆಕ್ಕಕ್ಕ ಹಿಡೀಬ್ಯಾಡ್ರಿ. ಇದು ಕೈಗೆ ಬರ್ಲಿಕ್ಕೆ ನನಗ ಒಂದು ವಾರ ಹಿಡೀತು, ಹಳೇ ಪೇಪರ್ ಮ್ಯಾಲೆ ಬರದ ಬರದ.

ನೀಲಿ

ಬಟ್ಟಿಗೆ ಹಾಕೋ ನೀಲಿ ಬ್ಯಾರೆ, ಇದು ಬ್ಯಾರೆ, ಅದನ್ನ ಹಾಕಿದ್ರ ಆಕಾಶ ಬಣ್ಣ ಬಂದು ತಳ್ಳನ ಕಾಣ್ತೈತಿ. ಬೇಕಾಗಿದ್ದು ಇಂಡಿಗೊ, ನೀಲಿ ಗಿಡದ್ದು. ನಮ್ಮ ಕಡೆ ಇದು ಹೊಸಾದೇನಲ್ಲ, ನೀಲಗಾರ ಅನ್ನೋ ಹೆಸರಿನ ಮನಿತನನ ಅದಾವು, ಇಳಕಲ್ ಗುಳೇದಗುಡ್ಡ ಕಡೆ ಬಣ್ಣ ಹಾಕೋ ಹಿರ್ಯಾರ ಪರಿಚಯ ಇದ್ರ ಹೋಗಿ ಕುಂತು ನೋಡ್ಕೊಂಡು ಬರ್ರಿ, ಯಾವ ವಿಡಿಯೋಗಿಂತ ಚಲೋ.

ಇಂಡಿಗೊ ನೀರಿನಾಗ ಕರಗೋದಿಲ್ಲ, ಅದ ಅದರ ತಂಟೆ. ಸುಣ್ಣದ ನೀರಿನಾಗ ಸಕ್ಕರಿ ಅದರ ರೂಪ ಬದಲಿಸಿದ್ರ ಮಾತ್ರ ಹಳದಿ ಹಸರು ನೀರಾಗಿ ಕರಗ್ತೈತಿ, ಆ ನೀರಿನಾಗ ಅದ್ದಿ ತೆಗೆದ್ರ ಗಾಳಿ ತಾಗಿ ಕಣ್ಣ ಮುಂದನ ಹಸರಿಂದ ನೀಲಿಗೆ ತಿರುಗ್ತೈತಿ. ಮನ್ಯಾಗ ಮಾಡೋ ಲೆಕ್ಕ ಒಂದು-ಎರಡು-ಮೂರು: ಇಂಡಿಗೊ ಪುಡಿ ಒಂದು ಪಾಲು, ಸುಣ್ಣ ಎರಡು ಪಾಲು, ಫ್ರಕ್ಟೋಸ್ ಸಕ್ಕರಿ ಮೂರು ಪಾಲು. ಬೆಲ್ಲ ಹಾಕಿದ್ರೂ ಆಗ್ತೈತಿ ಆದ್ರ ತಡಾ ಆಗ್ತೈತಿ, ಕೆಸರೂ ಜಾಸ್ತಿ. 20 ಲೀಟರಿನ ಖಾಲಿ ಪೇಂಟ್ ಬಕೀಟು ತಗೋರಿ, 40 ಸೆಂಟಿಮೀಟರಾದ್ರೂ ಎತ್ತರ ಇರ್ಲಿ, 80 ಗ್ರಾಂ ಇಂಡಿಗೊ, 160 ಸುಣ್ಣ, 240 ಫ್ರಕ್ಟೋಸ್, ಕೈ ಸುಡೋ ಅಷ್ಟು ಬಿಸಿ ನೀರು, ಅಂದ್ರ 50 ಡಿಗ್ರಿ ಆಸುಪಾಸು. ಇಂಡಿಗೊ ಪುಡಿ ಮೊದಲ ಸ್ವಲ್ಪ ನೀರಿನಾಗ ಗಂಟಿಲ್ಲದಂಗ ಕಲಿಸ್ಕೋರಿ. ಮೆತ್ತಗ ತಿರುವಿ ಮುಚ್ಚಿ ಬಿಸಿಲಿಗಿಡ್ರಿ, ಬಾಗಲಕೋಟಿ ಬಿಸಿಲು ಒಮ್ಮೆಯಾದ್ರೂ ಉಪಯೋಗಕ್ಕ ಬರ್ಲಿ. ಒಂದೆರಡು ತಾಸಿಗೆ ಮ್ಯಾಲೆ ತಾಮ್ರದ ಬಣ್ಣದ ಕೆನಿ ಕಟ್ಟಿ, ಒಳಗಿನ ನೀರು ಚಾ ಬಣ್ಣಕ್ಕ ಬಂದ್ರ ತಯಾರಾತು. ನೀರು ಇನ್ನೂ ನೀಲಿನ ಇದ್ರ ಅದಕ್ಕ ಟೈಮ್ ಕೊಡ್ರಿ, ಕಾಗದ ಹಾಕಬ್ಯಾಡ್ರಿ. ಸುಣ್ಣದ ನೀರು ಕಣ್ಣಿಗೆ ಸಿಡಿದ್ರ ಭಾಳ ಕೆಟ್ಟದ್ದು, ಚಶ್ಮಾ ಗ್ಲೌಸ್ ಹಾಕ್ಕೋರಿ, ಅಲ್ಯುಮಿನಿಯಂ ಪಾತ್ರಿ ಮುಟ್ಟಬ್ಯಾಡ್ರಿ, ಸುಣ್ಣ ಅದನ್ನ ತಿಂತೈತಿ.

ಈಗ ಕಾಗದ. ನನ್ನ ಮೊದಲನೇ ಸುರುಳಿ ಇಲ್ಲೆ ಸತ್ತದ್ದು. ಹಸಿಯಾದ ಕಾಗದಕ್ಕ ಜೀವ ಇರೋದಿಲ್ಲ, ಎರಡನೇ ಸಲ ಅದ್ದಿ ಎತ್ತೂಮುಂದ ನಡುವ ಹರಿದು ಅರ್ಧ ಬಕೀಟಿನಾಗ ಉಳೀತು, ಅರ್ಧ ಕೈಯಾಗ. ಉಪಾಯ ಏನಂದ್ರ ಹಳೇ ಸೊಳ್ಳಿ ಪರದಿ ತುಂಡು ಕಾಗದಕ್ಕ ಎರಡೂ ಕಡೆ ಹೊಂದಿಸಿ, ಅಂಚಿಗೆ ಟಾಕಿ ಹಾಕಿ, ಸಡಲಾಗಿ ಕೊಳವಿ ಹಂಗ ಸುತ್ತಿ ಬಕೀಟಿನಾಗ ನಿಂದ್ರಸ್ರಿ. ತಳಕ್ಕ ಸುಣ್ಣದ ರಾಡಿ ಕುಂತಿರ್ತೈತಿ, ಅದಕ್ಕ ತಾಗದಂಗ ಕೆಳಗ ಒಂದು ಸ್ಟೀಲ್ ಜಾಳಗಿ ಬೋರಲಾಕ್ರಿ. ಒಂದೆರಡು ನಿಮಿಷ, ತಗೀರಿ, ಪರದಿ ಸಮೇತ ನೆಳ್ಳಾಗ ತೂಗ ಹಾಕ್ರಿ, ಪೂರಾ ನೀಲಿ ಆಗ್ಲಿ, ಒಣಗ್ಲಿ, ಮತ್ತ ಅದ್ದ್ರಿ. ಮೂರನೇ ಸಲಕ್ಕ ಪ್ಯಾಂಟಿನ ನೀಲಿ ಬರ್ತೈತಿ, ಅಲ್ಲಿಗೆ ನಿಲ್ಲಿಸೋ ಮನಸಾಗ್ತೈತಿ, ನಿಲ್ಲಸಬ್ಯಾಡ್ರಿ. ಐದಾರು ಸಲಕ್ಕ ರಾತ್ರಿ ಹತ್ತರ ಆಕಾಶ ಬರ್ತೈತಿ, ಅದು ಬೇಕು. ಕೊನಿಗೆ ಒಂದು ಪರಾತ ನೀರಿಗೆ ಎರಡು ಚಮಚಾ ವಿನೆಗರ್ ಹಾಕಿ ಆಡಿಸಿ, ಖಾಲಿ ನೀರಿನಾಗ ತೊಳದು ಒಣಗಸ್ರಿ. ಒಳಗ ಹಾಸಿದ ಜಮಖಾನದ ಮ್ಯಾಲೆ ಮಾತ್ರ ಮಾಡಬ್ಯಾಡ್ರಿ, ನಮ್ಮನಿ ಜಮಖಾನಾಕ್ಕ ಈಗ ಒಂದು ನೀಲಿ ಕೈ ಗುರ್ತು ಐತಿ, ಅವ್ವ ಬಂದವರಿಗೆಲ್ಲಾ ತೋರಿಸ್ತಾಳ.

ಇಷ್ಟೆಲ್ಲಾ ಆಗೋದಿಲ್ಲ ಅನ್ನೋರು ಇಂಡಿಗೊ ಬಣ್ಣದ ಗೌಶ್, ಅಂದ್ರ ತಳ ಕಾಣದಂಗ ಮುಚ್ಚೋ ದಟ್ಟನ ನೀರುಬಣ್ಣ, ತಗೊಂಡು ಅಗಲ ಬ್ರಶ್ಶಿಲೆ ಎರಡು ಕೋಟ್ ಹೊಡೀರಿ. ದೂರದಿಂದ ಅಷ್ಟ ಕಾಣ್ತೈತಿ. ಹತ್ರದಿಂದ ಅಲ್ಲ.

ದೋಸಾ

ಬಣ್ಣ ಒಣಗಿದ ಮ್ಯಾಲೆ ಕಾಗದ ಬಾಯಾರಿದಂಗಾಗಿರ್ತೈತಿ, ಬಂಗಾರದ ನೀರು ಹಚ್ಚಿದ್ರ ಹೀರಿ ಹರಡಿಬಿಡ್ತೈತಿ. ಅದಕ್ಕ ಅಂಟು ಮತ್ತ ಪಟಕದ ನೀರು ಒಂದು ಕೋಟ್ ಕೊಡ್ಬೇಕು, ಇದಕ್ಕ ಜಪಾನಿನಾಗ ಹೆಸರು ದೋಸಾ, ನಿಜವಾಗ್ಲೂ, ನಮ್ಮ ಮಸಾಲಿ ದ್ವಾಸಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಲೀಟರ್ ಬಿಸಿ ನೀರಿಗೆ 15 ಗ್ರಾಂ ಜಿಲೆಟಿನ್, 5 ಗ್ರಾಂ ಪಟಕ, ಕರಗಿಸಿ ಉಗುರುಬೆಚ್ಚಗಾದ ಮ್ಯಾಲೆ ಅಗಲ ಬ್ರಶ್ಶಿಲೆ ಒಂದ ದಿಕ್ಕಿಗೆ ಎಳೀರಿ. ಜಿಲೆಟಿನ್ ಪ್ರಾಣಿಯಿಂದ ಬರೋದು, ಜಪಾನಿನವರೂ ಚರ್ಮ ಎಲುಬು ಕುದಿಸಿದ ನಿಕಾವಾ ಅನ್ನೋ ಅಂಟನ ಹಾಕ್ತಾರ, ಬ್ಯಾಡ ಅನ್ನೋರು ತಿಳಿ ಗಂಜಿ ಹಚ್ಚ್ರಿ, ಸೀರಿಗೆ ಹಾಕಿದಂಗ. ಒಣಗಿದ ಮ್ಯಾಲೆ ಕಾಗದನ ನುಣುಪು ಮಾಡ್ಬೇಕು, ಜಪಾನಿನವರು ಮರದ ಕೊಡತಿಲೆ ಬಡೀತಿದ್ರು, ನಮ್ಮ ದಖ್ಖನಿ ಕಡೆ ಹಸ್ತಪ್ರತಿ ಮಾಡೋರು ಅಕೀಕ ಕಲ್ಲಿಲೆ ತಿಕ್ಕತಿದ್ರು. ನಾನು ದೊಡ್ಡ ಕವಡಿ ಬೆನ್ನಿಲೆ ತಿಕ್ಕಿದೆ, ಕೆಳಗ ಗಾಜಿನ ಹಲಗಿ ಇಟ್ಕೊಂಡು, ಅರ್ಧ ತಾಸು. ಕೈ ಆಡಿಸಿದ್ರ ರೇಶ್ಮಿ ಆಡಿಸಿದಂಗ ಆಗ್ಬೇಕು.

ಕಾಗಿಬಂಗಾರ

ಅವರು ಹಾಕಿದ್ದು ಅಸಲಿ ಬಂಗಾರ. ತಗಡಿಗಿಂತ ತೆಳ್ಳನ ಎಲಿನ ಅಂಟಿನ ಜೋಡಿ ಬೆರಳಿಲೆ ಅರದು ಅರದು ಪುಡಿ ಮಾಡಿ, ಅದನ್ನ ನಿಕಾವಾದಾಗ ಕಲಿಸಿ, ಸಣ್ಣ ಬ್ರಶ್ಶಿಲೆ ಬರದು, ಒಣಗಿದ ಮ್ಯಾಲೆ ಕಾಡಹಂದಿ ಕೋರಿಹಲ್ಲಿಲೆ ತಿಕ್ಕಿ ಹೊಳಪು ತರ್ತಿದ್ರು. ತಿಕ್ಕೋತನಕ ಅದು ಮಣ್ಣಿನ ಹಳದಿ, ತಿಕ್ಕಿದ ಮ್ಯಾಲೆ ಬಂಗಾರ.

ಈಗಿನ ಬಂಗಾರದ ರೇಟಿನಾಗ ನಮ್ಮ ಕೈಲಾಗೋ ಮಾತಲ್ಲ. ನಾನು ಎರಡನೇ ಸುರುಳಿಗೆ ಒಂದು ಅಂಗಡಿಯಾಗ ಗೋಲ್ಡ್ ಪೌಡರ್ ಅಂತ ಕೊಟ್ಟದ್ದು ತಂದೆ, ಅದು ಹಿತ್ತಾಳಿ ಪುಡಿ, ತಾಮ್ರ ಸತುವು ಕೂಡಿದ್ದು. ಬರೆದ ದಿನ ಎಷ್ಟು ಚಂದ ಹೊಳೀತು ಅಂದ್ರ ಊರ ಮಂದಿಗೆಲ್ಲಾ ಫೋಟೋ ಕಳಿಸಿದೆ, ಮೂರು ತಿಂಗಳಿಗೆ ಅಕ್ಷರದ ಅಂಚು ಹಸರಾಗಿ ಹುಣಸಿಹಣ್ಣು ಹಚ್ಚದ ತಂಬಿಗಿ ಹಂಗಾತು. ಆಮ್ಯಾಲೆ ಗೊತ್ತಾತು, ಬೇಕಾಗಿದ್ದು ಅಭ್ರಕದ ಪುಡಿಗೆ ಬಣ್ಣ ಕೊಟ್ಟ ಮೈಕಾ ಪಿಗ್ಮೆಂಟ್. ಅಭ್ರಕಕ್ಕ ಕನ್ನಡದಾಗ ಕಾಗಿಬಂಗಾರ ಅಂತಾರಲ್ಲ, ಹೆಸರಿಗೆ ತಕ್ಕಂಗ ಅದ ಇಲ್ಲಿ ಬಂಗಾರ. ಕಪ್ಪಾಗೋದಿಲ್ಲ, ಹಸರಾಗೋದಿಲ್ಲ. ಬೆಳ್ಳಿ ಸಾಲಿಗೂ ಅದರದ ಬಿಳಿ ಜಾತಿ ತಗೋರಿ, ಅಸಲಿ ಬೆಳ್ಳಿ ವರಖು ಹಾಕಬ್ಯಾಡ್ರಿ, ಕಾಲ್ಗೆಜ್ಜಿ ಕಪ್ಪಾಗೋ ಹಂಗ ಕಪ್ಪಾಗ್ತೈತಿ. ಅಸಲಿ ಬೆಳ್ಳಿ ಉಳದದ್ದೂ ಐತಿ, ಅದೊಂದು ಕಥಿನ. ನಾರಾದ ತೋದೈಜಿ ಗುಡಿಯ ನಿಗತ್ಸುದೋ ಭವನದಾಗ 8ನೇ ಶತಮಾನದ ಅವತಂಸಕ ಸೂತ್ರ ಇತ್ತು, ನೀಲಿ ಕಾಗದಕ್ಕ ಬೆಳ್ಳಿ ಅಕ್ಷರ, 1667ರಾಗ ಬೆಂಕಿ ಬಿತ್ತು, ಸುರುಳಿ ಅಂಚು ಸುಟ್ಟು ಅಲಿ ಅಲಿ ಆದ್ವು, ಅಕ್ಷರ ಮಾತ್ರ ಇವತ್ತಿಗೂ ಬೆಳ್ಳಗ ಅದಾವು. ಅದಕ್ಕ ಸುಟ್ಟ ಸೂತ್ರ ಅಂತನ ಹೆಸರು. ಸುಟ್ಟ ಅಂಚು ನೀಲಿ ಮ್ಯಾಲೆ ಎಷ್ಟು ಚಂದ ಕಾಣ್ತೈತಿ ಅಂದ್ರ ಹೇಳ್ಲಿಕ್ಕೆ ಆಗೋದಿಲ್ಲ, ಆದ್ರ ನೀವು ಊದಿನಕಡ್ಡಿ ಹಚ್ಚಿ ಅಂಚು ಸುಡ್ಲಿಕ್ಕೆ ಹೋಗಬ್ಯಾಡ್ರಿ, ಬರ್ತ್‌ಡೇ ಕಾರ್ಡ್ ಕಂಡಂಗ ಕಾಣ್ತೈತಿ.

ಅಂಟಿಗೆ ಗಮ್ ಅರೇಬಿಕ್, ಜಾಲಿ ಜಾತಿ ಗಿಡದ ಅಂಟು. ಅಂಟಿನುಂಡಿಗೆ ತಂದ ಅಂಟು ಮನ್ಯಾಗ ಇತ್ತು ಅಂತ ಅದನ್ನ ನೆನೆ ಹಾಕಿದೆ, ಕೆಲವು ಅಂಟು ಕರಗೋದಿಲ್ಲ, ಬರೇ ಉಬ್ಬತೈತಿ, ಜೆಲ್ಲಿ ಆಗಿ ಕುಂತಿತು. ಪೇಂಟಿಂಗ್ ಸಾಮಾನಿನ ಅಂಗಡಿದ ತಗೋರಿ. ಒಂದು ಪಾಲು ಅಂಟು ಎರಡು ಪಾಲು ಬಿಸಿ ನೀರು, ರಾತ್ರಿ ಇಟ್ರ ಮುಂಜಾನೆ ಜೇನಿನಂಗಾಗಿರ್ತೈತಿ, ಸೋಸ್ರಿ. ಬೋರ್ ನೀರು ಬ್ಯಾಡ, ಫಿಲ್ಟರ್ ನೀರು. ಮೈಕಾ ಪುಡಿಗೆ ಹನಿ ಹನಿ ಹಾಕಿ ಮೊಸರಿನ ಹದಕ್ಕ ಕಲಿಸಿ, ಆಮ್ಯಾಲೆ ನೀರು ಸೇರಿಸಿ ಹಾಲಿನ ಹದಕ್ಕ ತರ್ರಿ. ಕೆಡಿಸೋ ಪಟ್ಟಿ ಮ್ಯಾಲೆ ಬರದು ಒಣಗಿಸಿ ಬೆರಳಿಲೆ ತಿಕ್ಕಿ ನೋಡ್ರಿ, ಪುಡಿ ಬೆರಳಿಗೆ ಹತ್ತಿದ್ರ ಅಂಟು ಕಡಿಮಿ, ಸುತ್ತಿದಾಗ ಬಿರದ್ರ ಅಂಟು ಹೆಚ್ಚು, ಹೆಚ್ಚಾದ್ರ ಒಂದು ಹನಿ ಜೇನುತುಪ್ಪ ಹಾಕ್ರಿ ಮೆತ್ತಗಾಗ್ತೈತಿ.

ಗೆರಿ, ಆಮ್ಯಾಲೆ ಅಕ್ಷರ

ಇಂಜಿನಿಯರಿಂಗ್ ಡ್ರಾಯಿಂಗ್ ಬಾಕ್ಸಿನಾಗ ರೂಲಿಂಗ್ ಪೆನ್ ಅಂತ ಎರಡು ತುಟಿ ಇರೋದು ಬರ್ತಿತ್ತಲ್ಲ, ಯಾರ ಮನಿ ಅಟ್ಟದ ಮ್ಯಾಗಾದ್ರೂ ಬಿದ್ದಿರ್ತೈತಿ, ಅದನ್ನ ಹುಡುಕಿ ತರ್ರಿ. ಮ್ಯಾಲೊಂದು ಕೆಳಗೊಂದು ಅಡ್ಡಗೆರಿ, 21 ಸಾಲಿಗೆ 22 ಉದ್ದಗೆರಿ, ಎಲ್ಲಾ ಬಂಗಾರದ್ದ, ಕೂದಲೆಳಿಯಷ್ಟು ಸಣ್ಣಂಗ. ಇದು ಬ್ಯಾಸರದ ಕೆಲಸ, ಇದ ಮುಖ್ಯ ಕೆಲಸ. ಗೆರಿ ಹೊಡದು ಮುಗಿಸಿ ಕಾಗದ ಗ್ವಾಡಿಗೆ ಆನಿಸಿ ನಾಲ್ಕು ಹೆಜ್ಜಿ ಹಿಂದ ಹೋಗಿ ನೋಡ್ರಿ, ಇನ್ನೂ ಒಂದ ಅಕ್ಷರ ಬರದಿಲ್ಲ, ಆಗ್ಲೆ ಅದು ಸುರುಳಿ ಆಗಿರ್ತೈತಿ. ಪೆನ್ಸಿಲ್ ಗುರ್ತು ಕಾಗದದ ಮ್ಯಾಲೆ ಹಾಕಬ್ಯಾಡ್ರಿ, ಒಂದು ರಟ್ಟಿನ ಪಟ್ಟಿಗೆ 1.2 ಸೆಂಟಿಮೀಟರಿಗೊಂದು ಗುರ್ತು ಹಾಕಿ, ಅದನ್ನ ಸಾಲಿನ ಬಾಜೂಕ ಇಟ್ಕೊಂಡು ಬರ್ಕೋತ ಹೋಗ್ರಿ.

ಬರೀಲಿಕ್ಕೆ ಒಂದನೇ ನಂಬರಿನ ಗುಂಡ ಬ್ರಶ್ಶು, ತುದಿ ಚೂಪು ಇರ್ಬೇಕು. ನಿಬ್ಬಿನಾಗ ಮೈಕಾ ಸಿಕ್ಕೊಂಡು ನಿಂತುಬಿಡ್ತೈತಿ. ಎರಡು ಅಕ್ಷರಕ್ಕೊಮ್ಮೆ ಬಟ್ಟಲಾ ತಿರುವ್ರಿ, ಪುಡಿ ತಳಕ್ಕ ಕುಂದ್ರತೈತಿ, ತಿರುವದಿದ್ರ ಸಾಲಿನ ತಲಿ ಬಂಗಾರ ಬಾಲ ಬರೇ ನೀರು. ಒಂದನೇ ಸಾಲು ಬಂಗಾರ, ಎರಡನೇದು ಬೆಳ್ಳಿ, ಹಂಗ ಹೋದ್ರ 11 ಬಂಗಾರ 10 ಬೆಳ್ಳಿ, ಎರಡೂ ತುದಿಗೆ ಬಂಗಾರ ಬರ್ತೈತಿ. ಮೊದಲ ಎಲ್ಲಾ ಬಂಗಾರದ ಸಾಲು ಬರದು ಮುಗಿಸಿ, ಬ್ರಶ್ಶು ತೊಳದು ಬೆಳ್ಳಿ ಹಿಡೀಬೇಕು ಅಂತ ಅನ್ನಿಸ್ತೈತಿ, ಅದ ಸುಲಭ, ಒಣಗ್ಲಿಕ್ಕೂ ಟೈಮ್ ಸಿಗ್ತೈತಿ, ಹಂಗ ಮಾಡ್ರಿ. ತಪ್ಪಾದ್ರ ಹಸಿ ಇದ್ದಾಗ ಮುಟ್ಟಬ್ಯಾಡ್ರಿ, ಒಣಗಿದ ಮ್ಯಾಲೆ ಬ್ಲೇಡಿಲೆ ಮೆತ್ತಗ ಕೆರದು, ಇಂಡಿಗೊ ಗೌಶ್ ಒಂದು ಚುಕ್ಕಿ ಮುಚ್ಚಿ ಮತ್ತ ಬರೀರಿ.

ದಿನಾ ಎರಡು ಮೂರು ಸಾಲು ಸಾಕು, ಮುಂಜಾನೆ ಬೆಳಕಿಗೆ, ಕೈಕಾಲು ತೊಳಕೊಂಡು. ನಾರಾದ ಯಾಕುಶಿಜಿ ಗುಡಿಯೊಳಗ ಸೂತ್ರ ಬರಿಯೋರು ಕುಂದ್ರೋಕಿಂತ ಮೊದಲ ಬಾಯಾಗ ಒಂದು ಲವಂಗ ಇಟ್ಕೋತಾರ, ಉಸಿರು ಶುದ್ಧ ಇರ್ಲಿ ಅಂತ. ಆ ಗುಡಿದು ದೊಡ್ಡ ಸಂಗತಿ, 1968ರಿಂದ ತಕಾದಾ ಕೋಇನ್ ಅನ್ನೋ ಸ್ವಾಮಿಗಳು ಮಂದಿ ಕೈಲೆ ಸೂತ್ರ ಬರಸಿ, ಅದಕ್ಕ ಕೊಟ್ಟ ಕಾಣಿಕಿ ಕೂಡಿಸಿ 1976ರಾಗ ಗುಡಿಯ ಮುಖ್ಯ ಭವನನ ಮತ್ತ ಕಟ್ಟಿಸಿದ್ರು. ಲವಂಗದ್ದು ನಾನೂ ಮಾಡ್ದೆ. ಧರ್ಮಕ್ಕ ಅಂತಲ್ಲ, ಬಾಯಾಗ ಲವಂಗ ಇದ್ರ ಯಾರ ಜೋಡಿನೂ ಮಾತಾಡ್ಲಿಕ್ಕೆ ಆಗೋದಿಲ್ಲ, ಮಾತಾಡದಿದ್ರ ಅಕ್ಷರ ತಪ್ಪೋದಿಲ್ಲ, ಅದ ಅದರ ಗುಟ್ಟು ಅನ್ನಿಸ್ತು.

ಮುಂದಿನ ಚಿತ್ರ

ಸುರುಳಿ ಬಿಚ್ಚಿದ ಕೂಡ್ಲೆ ಕಾಣೋ 22 ಸೆಂಟಿಮೀಟರಿನಾಗ ಒಂದು ಚಿತ್ರ. ಹಳೇ ಸುರುಳಿಯೊಳಗ ಹೆಚ್ಚಾಗಿ ಬುದ್ಧ ಗೃಧ್ರಕೂಟ ಬೆಟ್ಟದ ಮ್ಯಾಲೆ ಕುಂತು ಉಪದೇಶ ಮಾಡೋದು, ಸುತ್ತ ಶಿಷ್ಯರು, ಹಿಂದ ಬೆಟ್ಟ, ಎಲ್ಲಾ ಬರೇ ಬಂಗಾರ ಬೆಳ್ಳಿ ಗೆರಿಯೊಳಗ, ಬಣ್ಣ ತುಂಬೋದಿಲ್ಲ. ಆ ಬೆಟ್ಟ ಅಸಲಿಗೆ ಬಿಹಾರದ ರಾಜಗೀರದಾಗ ಐತಿ, ಜಪಾನಿನ ಚಿತ್ರಗಾರರು ಅದನ್ನ ಕಂಡೋರಲ್ಲ, ಮನಸಿಗೆ ಬಂದ ಬೆಟ್ಟ ಬರೆದ್ರು. ಹಂಗಂದ ಮ್ಯಾಲೆ ನಾನ್ಯಾಕ ಬಿಡ್ಲಿ, ಬಾದಾಮಿ ಬಂಡಿ ಬರ್ದೆ. ಅಗಸ್ತ್ಯತೀರ್ಥದ ಆಚೀಕಡೆ ನಿಂತು ನೋಡಿದ್ರ ಆ ಬಂಡಿ ಸೀಳು ಹೆಂಗ ಕಾಣ್ತಾವು ಅದನ್ನ ನಾಲ್ಕು ಗೆರಿಯೊಳಗ ಹಿಡದ್ರ ಸಾಕು. ಬುದ್ಧನ್ನ ಬರೀಲಿಕ್ಕೆ ಕೈ ನಡುಗೋರು ಐಹೊಳಿಗೆ ಹೋಗಿ ಬರ್ರಿ, ಮೇಗುತಿ ಗುಡ್ಡ ಹತ್ತೋ ದಾರಿಗೆ ಎರಡು ಅಂತಸ್ತಿನ ಬೌದ್ಧ ಗುಡಿ ಐತಿ, ಮಂದಿ ಎಲ್ಲಾ ಮ್ಯಾಲಿನ ಜೈನ ಬಸದಿಗೆ, 634ರ ಪುಲಕೇಶಿ ಶಾಸನ ನೋಡ್ಲಿಕ್ಕೆ ದೌಡಾಯಿಸಿ ಹೋಗ್ತಾರ, ಇದನ್ನ ಬಾಜೂಕ ಬಿಟ್ಟು. ಅದರ ಪಡಸಾಲಿ ಮಾಳಿಗಿಯೊಳಗ ಬುದ್ಧನ್ನ ಕೆತ್ಯಾರ, ಕುತ್ತಿಗಿ ನೋಯೋತನಕ ನೋಡಿ ಪುಸ್ತಕದಾಗ ಗೀಚ್ಕೊಂಡು ಬರ್ರಿ.

ಕೈ ಕುದುರಿದ ಮ್ಯಾಲೆ ಮಾಡ್ಲಿಕ್ಕೆ ಬ್ಯಾರೆ ನಮೂನಿನೂ ಅದಾವು. ಕಗಾವಾದ ಜೆಂತ್ಸೂಜಿ ಗುಡಿಯೊಳಗ ಒಂದು ಸುರುಳಿ ಐತಿ, ಒಂದೊಂದು ಅಕ್ಷರದ ಬಾಜೂಕೂ ಒಬ್ಬೊಬ್ಬ ಸಣ್ಣ ಬುದ್ಧ ಕುಂತಾನ, ಅಕ್ಷರದ ಸಾಲು ಒಂದು ಬುದ್ಧರ ಸಾಲು ಒಂದು. ಚೂಸೊಂಜಿಯೊಳಗನ ಮತ್ತೊಂದೈತಿ, ಸೂತ್ರದ ಅಕ್ಷರಾನ ಜೋಡಿಸಿ ಗೋಪುರದ ಆಕಾರ ಮಾಡಿದ್ದು, ದೂರದಿಂದ ಗೋಪುರ, ಹತ್ರ ಹೋದ್ರ ಅಕ್ಷರ, ಅಂಥಾವು ಹತ್ತು. 1164ರಾಗ ತೈರಾ ನೊ ಕಿಯೊಮೊರಿ ಅನ್ನೋ ಯೋಧ ಇತ್ಸುಕುಶಿಮಾ ದೇವಾಲಯಕ್ಕ ಅರ್ಪಿಸಿದ 33 ಸುರುಳಿ ಇವಕ್ಕಿಂತ ಝಗಮಗ, ಕಾಗದದ ತುಂಬ ಬಂಗಾರದ ಎಲಿ ತುಂಡು, ಬಂಗಾರದ ಎಳಿ, ಬಂಗಾರದ ಧೂಳು ಉದುರಿಸ್ಯಾರ. ಆ ಧೂಳಿಂದು ಮಾತ್ರ ನಾವೂ ಮಾಡ್ಬಹುದು, ಖಾಲಿ ಅಂಚಿಗೆ ತೆಳ್ಳಗ ಅಂಟಿನ ನೀರು ಹಚ್ಚಿ, ಚಾ ಸೋಸೋ ಜಾಳಗಿಯಾಗ ಮೈಕಾ ಪುಡಿ ಹಾಕಿ ಮ್ಯಾಲಿಂದ ಒಮ್ಮೆ ತಟ್ರಿ. ಒಮ್ಮೆ ಅಷ್ಟ. ಎರಡನೇ ಸಲ ತಟ್ಟಿದ್ರ ಮದವಿ ಕಾರ್ಡ್ ಆಗ್ತೈತಿ.

ಸುತ್ತೋದು, ಇಡೋದು

ಕೋಲು ಎರಡು ಸೆಂಟಿಮೀಟರ್ ದಪ್ಪ ಇರ್ಲಿ, ಬಡಿಗ್ಯಾರ ಕಡೆ ಉರುಟು ಮಾಡಿಸ್ಕೋರಿ, ಸಣ್ಣ ಕೋಲಿಗೆ ಬಿಗಿಯಾಗಿ ಸುತ್ತಿದ್ರ ಅಕ್ಷರ ಬಿರೀತಾವು. ಅವರು ತುದಿಗೆ ಸ್ಫಟಿಕ ಇಲ್ಲಾ ಲೋಹದ ಗುಬಟಿ ಕೂಡಿಸ್ತಿದ್ರು, ನಾನು ದೊಡ್ಡ ಮರದ ಮಣಿ ಕೂಡಿಸೀನಿ. ಅಂಟಿಸ್ಲಿಕ್ಕೆ ಫೆವಿಕಾಲ್ ಬ್ಯಾಡ, ಒಣಗಿದ ಮ್ಯಾಲೆ ಸೆಡೀತೈತಿ, ಮೈದಾ ಹಿಟ್ಟಿನ ಸರಿ ಕಾಸಿ ಅದಕ್ಕ ಎರಡು ಹನಿ ಲವಂಗದ ಎಣ್ಣಿ ಹಾಕ್ರಿ, ಬೂಸ್ಟು ಬರೋದಿಲ್ಲ. ಎಡತುದಿಗೆ ತೆಳ್ಳನ ಬಿದಿರಿನ ಸೀಳು ಮಡಚಿ ಅಂಟಿಸಿ, ಅದಕ್ಕ ಒಂದು ರೇಶ್ಮಿ ದಾರ ಕಟ್ರಿ. ಹೊರಗಿನ ಹೊದಿಕಿ ಜಪಾನಿನಾಗ ಬಂಗಾರ ಬೆಳ್ಳಿ ಹೂ ಬಳ್ಳಿ ಬರೆದ ಕಾಗದ, ನನ್ನದಕ್ಕ ಗುಳೇದಗುಡ್ಡದ ಖಣ ಹಾಕೀನಿ, ಅವ್ವನ ಪೆಟಗಿಯಾಗಿಂದು, ಕೇಳಿನ ತಗೊಂಡದ್ದು. ಖಣದ ಅಂಚು ಬಿಚ್ಚದಂಗ ಹಿಂದ ತೆಳ್ಳನ ಕಾಗದ ಅಂಟಿಸಿ ಕತ್ತರಿಸ್ರಿ.

ಗ್ವಾಡಿಗೆ ಫ್ರೇಮ್ ಹಾಕಿ ತೂಗ ಹಾಕಬ್ಯಾಡ್ರಿ, ಸುರುಳಿ ಅಂದ್ರ ಸುತ್ತಿಡೋದ, ನೀಲಿ ಒಂಬೈನೂರು ವರ್ಷ ಉಳಿದದ್ದು ಕತ್ತಲಿನಾಗ ಇದ್ದದ್ದಕ್ಕ. ಮರದ ಡಬ್ಬಿಯೊಳಗ, ಹಳೇ ಮೆತ್ತನ ಧೋತರದಾಗ ಸುತ್ತಿ, ಒಣಗಿದ ಬೇವಿನ ಎಲಿ ಬಾಜೂಕಿಡ್ರಿ, ಸುರುಳಿಗೆ ತಾಗದಂಗ. ಮಳಿಗಾಲದಾಗ ತಗೀಬ್ಯಾಡ್ರಿ, ದೀಪಾವಳಿ ಆದ ಮ್ಯಾಲೆ ಒಣ ಹವಾ ಬಂದಾಗ ಒಮ್ಮೆ ನೆಳ್ಳಾಗ ಪೂರಾ ಬಿಚ್ಚಿ, ಒಂದು ತಾಸು ಗಾಳಿಗೆ ಬಿಟ್ಟು, ಕೈ ತೊಳಕೊಂಡು ಬಲಗಡೆಯಿಂದ ಸಡಲಾಗಿ ಸುತ್ತಿಡ್ರಿ.